ಓದಿ ಹೇಳುವ ಪೊಲೀಸರು ಬೇಕಾಗಿದ್ದಾರೆ

ಕಾಸರಗೋಡು ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಇಲಾಖೆಯಲ್ಲಿ ಮೂರು ದಶಕ ದುಡಿದು ಎಎಸ್‌ಐ ಆಗಿ ನಿವೃತ್ತರಾದವರೊಬ್ಬರ ಮಗಳು ನಾನು. ಕಳೆದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಇಲಾಖೆಯಿಂದ ಇಬ್ಬರು ಬಂದು ಹೂವಿಟ್ಟು ಕೈಮುಗಿದು ಹೋದರು, ಜೊತೆಗೆ ಕೆಲಸ ಮಾಡಿದ ಹಳಬರೂ ಬಂದಿದ್ದರು. ಮನೆಯವರಿಗೆಲ್ಲ ಅದರಿಂದ ಸಮಾಧಾನವಾಯಿತು. ಆದರೆ ಈ ಪತ್ರ ಅದಕ್ಕಲ್ಲ. ಅಪ್ಪ ಠಾಣೆಯಲ್ಲಿ ಕೂತು ಮಾಡುತ್ತಿದ್ದ ಒಂದು ಕೆಲಸ ಉಂಟು. ಅದನ್ನು ಈಗ ಯಾರು ಮಾಡುತ್ತಿದ್ದಾರೆ ಎಂದು ಕೇಳಲಿಕ್ಕೆ ಬರೆಯುತ್ತಿದ್ದೇನೆ.

ದೂರು ಕೊಡಲು ಬಂದವರು ಕನ್ನಡದಲ್ಲೋ ತುಳುವಿನಲ್ಲೋ ಹೇಳಿದ್ದನ್ನು ಅಪ್ಪ ಮಲಯಾಳದಲ್ಲಿ ಬರೆಯುತ್ತಿದ್ದರು. ಬರೆದು ಮುಗಿದ ಮೇಲೆ ಅಷ್ಟನ್ನೂ ಅವರ ಮಾತಿನಲ್ಲೇ ಓದಿ ಹೇಳುತ್ತಿದ್ದರು. "ನೀವು ಹೇಳಿದ್ದೇ ಉಂಟಲ್ಲ ಇದರಲ್ಲಿ? ಬಿಟ್ಟುಹೋದದ್ದಿದ್ದರೆ ಈಗ ಹೇಳಿ. ನಾಳೆ ಕೋರ್ಟಿನಲ್ಲಿ ನೆನಪಾದರೆ ಪ್ರಯೋಜನ ಇಲ್ಲ" ಎಂದು ಕೇಳಿ, ಹೌದೆಂದ ಮೇಲೆಯೇ ಸಹಿ. ಎಷ್ಟೋ ಸಲ ಹೆಬ್ಬೆಟ್ಟು. ಇಷ್ಟೇ ಕೆಲಸ. ಇದಕ್ಕೆ ಯಾರೂ ಪದಕ ಕೊಡುವುದಿಲ್ಲ, ಕೊಡಲೂ ಇಲ್ಲ.

ಅಪ್ಪನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಅವರು ಹುಟ್ಟುವಾಗ ನಮ್ಮೂರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆ ಜಿಲ್ಲೆ ಮದ್ರಾಸಿನಲ್ಲಿತ್ತು. 1956ರ ನವೆಂಬರ್ 1ರಂದು ಅವರು ಒಂದನೇ ಕ್ಲಾಸಿನ ಹುಡುಗ. ಕೂತ ಬೆಂಚು ಅಲ್ಲೇ ಇತ್ತು, ರಾಜ್ಯ ಮಾತ್ರ ಬದಲಾಗಿ ಕೇರಳವಾಯಿತು. 1967ರಲ್ಲಿ ರಾಜ್ಯಗಳ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ವರದಿ ಕೊಟ್ಟಾಗ ಊರಿನ ಜನ ಸಂತೋಷಪಟ್ಟದ್ದನ್ನೂ, ಆ ವರದಿ ಕಪಾಟು ಸೇರಿದಾಗ ಬೇಸರಪಟ್ಟದ್ದನ್ನೂ ಅವರು ನೋಡಿದವರು. ಅಂಥ ಊರಿನಿಂದ ಹೋಗಿ ಕೇರಳದ ಪೊಲೀಸಿಗೆ ಸೇರಿದ್ದಕ್ಕೆ ನೆಂಟರಿಷ್ಟರು ಮೂದಲಿಸಿದ್ದುಂಟಂತೆ. "ಅವರ ಪೊಲೀಸಿಗೆ ಸೇರುವುದಾ ನೀನು?" ಎಂದು ಕೇಳಿದ ದೊಡ್ಡಪ್ಪನಿಗೆ ಅಪ್ಪ ಕೊಟ್ಟ ಉತ್ತರ: "ಠಾಣೆ ಇರುವುದು ನಮ್ಮೂರಲ್ಲಲ್ಲವಾ?"

ಮಲಪ್ಪುರದ ಎಂಎಸ್‌ಪಿ (ಮಲಬಾರ್ ಸ್ಪೆಷಲ್ ಪೊಲೀಸ್) ಕ್ಯಾಂಪಿನಲ್ಲಿ ತರಬೇತಿ. ಕನ್ನಡ ಶಾಲೆಯಲ್ಲಿ ಓದಿದ ಹುಡುಗನಿಗೆ ಪರೇಡಿಗಿಂತ ಮಲಯಾಳವೇ ಕಷ್ಟವಾಯಿತು. ಕ್ಷೌರದಂಗಡಿಯ ಹಳೆ ಪತ್ರಿಕೆಗಳನ್ನು ಅಕ್ಷರ ಕೂಡಿಸಿ ಓದಿ ಕಲಿತರು. ಕೊನೆಗೆ ಅವರ ಮಲಯಾಳ ಕೈಬರಹ ತಿರುವನಂತಪುರದವರೂ ಮೆಚ್ಚುವಷ್ಟು ದುಂಡಗಾಯಿತು. 1984ರ ಮೇ 24ರಂದು ಕಾಸರಗೋಡು ಬೇರೆ ಜಿಲ್ಲೆಯಾದಾಗ ಭಾಷಣಗಳು ಏನೇ ಇರಲಿ, ಅಪ್ಪನಿಗೆ ಆದ ಲಾಭ ಇಷ್ಟು: ಸಣ್ಣ ಸಣ್ಣ ಕಾಗದಕ್ಕೂ ಕಣ್ಣೂರಿನವರೆಗೆ ಓಡುವುದು ತಪ್ಪಿತು. ಕುಂಬಳೆ, ಆದೂರು, ಮಂಜೇಶ್ವರ ಎಂದು ತಿರುಗಿ, ಹೆಚ್ಚಿನ ಕಾಲ ಠಾಣೆಯ ರೈಟರ್, ಅಂದರೆ ಬರಹದ ಕೆಲಸ ನೋಡುವವರು, ಆಗಿಯೇ ಕಳೆದರು.

ಡ್ಯೂಟಿಗೆ ಹೊರಡುವ ಮೊದಲಿನ ಅರ್ಧ ಗಂಟೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಮ್ಮ ಬಸಿದ ಗಂಜಿತಿಳಿಯಲ್ಲಿ ಅದ್ದಿ ಒಣಗಿಸಿದ ಖಾಕಿ ಹಲಗೆಯಷ್ಟು ಗಟ್ಟಿ. ಅದಕ್ಕೆ ನೀರು ಚಿಮುಕಿಸಿ, ಗೆರಟೆಯ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಒಮ್ಮೆ ಬಾಳೆಲೆಯ ಮೇಲೆ ಎಳೆದು ತಳ ನುಣುಪು ಮಾಡಿಕೊಂಡು, ತೋಳಿನ ಮಡಿಕೆಯಿಂದ ಶುರು ಮಾಡುತ್ತಿದ್ದರು. ಬೂದಿ ಹಾರುತ್ತದೆಂದು ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಶರಟಿನ ಜೇಬಿನಲ್ಲಿ ಎರಡು ಪೆನ್ನು. ಮೂರು ಪ್ರತಿ ಬರೆಯಬೇಕಾದಾಗ ಕಾರ್ಬನ್ ಕಾಗದ ಇಟ್ಟು ಒತ್ತಿ ಬರೆದೂ ಬರೆದೂ ಬಲಗೈ ನಡುಬೆರಳಿನ ಬದಿಯಲ್ಲಿ ಗಂಟು ಎದ್ದಿತ್ತು. ಕೊನೆಯವರೆಗೂ ಅದು ಕರಗಲಿಲ್ಲ.

ಅಪ್ಪ ದೇವರೇನಲ್ಲ. ಹಳೆಯ ಕಾಲದ ಪೊಲೀಸ್. ಕೈ ಎತ್ತಿದ್ದೂ ಉಂಟು, ಅದನ್ನು ಅವರೇ ಹೇಳಿದ್ದರು, ಹೆಮ್ಮೆಯಿಂದ ಅಲ್ಲ. ನಿಮ್ಮ ಲಾಂಛನದಲ್ಲಿ 'ಮೃದು ಭಾವೇ ದೃಢ ಕೃತ್ಯೇ' ಎಂದಿದೆಯಲ್ಲ, ಅಪ್ಪನಲ್ಲಿ ದೃಢಕೃತ್ಯವೇ ಜಾಸ್ತಿ, ಮೃದುಭಾವ ಸಾಧಾರಣ. ಒಮ್ಮೆ ಕೋಳಿ ಅಂಕಕ್ಕೆ ದಾಳಿ ಮಾಡಿದಾಗ ಗುಡ್ಡೆ ಹತ್ತಿ ಓಡಿದವರಲ್ಲಿ ನಮ್ಮ ಸೋದರಮಾವನೂ ಇದ್ದರು. ಹೆಸರು ಕೇಸಿನಲ್ಲಿ ಬಂತು. ಹಿಡಿದ ಹುಂಜಗಳನ್ನು ಕೋರ್ಟಿಗೆ ಹಾಜರುಪಡಿಸಿ ಏಲಂ ಹಾಕುತ್ತಾರೆ. ಅದರಲ್ಲೊಂದನ್ನು ಏಲಮ್ಮಿನಲ್ಲಿ ಹಿಡಿದು ಅದೇ ಮಾವ ಮರಳಿ ಮನೆಗೆ ಒಯ್ದರು. ಆ ಭಾನುವಾರದ ಸಾರಿಗೆ ಅಪ್ಪನನ್ನು ಕರೆಯಲಿಲ್ಲ!

ಠಾಣೆಯಲ್ಲಿ ಅವರು ಪ್ರಶ್ನೆ ಕೇಳುವ ಕ್ರಮ ಒಮ್ಮೆ ಪಕ್ಕದಲ್ಲಿ ಕೂತು ನೋಡಿದ್ದೇನೆ. ಶಾಲೆ ಬಿಟ್ಟು ಅವರ ಜೊತೆ ಮನೆಗೆ ಹೋಗಲು ಕಾಯುತ್ತಿದ್ದ ದಿನ. ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ಕದ್ದುಹೋಯಿತೆಂದು ಒಬ್ಬ ಅಜ್ಜಿ ಬಂದಿದ್ದರು. ಎಷ್ಟು ಹೊತ್ತಿಗೆ ಎಂದು ಕೇಳಿದರೆ ಗೊತ್ತಿಲ್ಲ ಎಂದರು, ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಅಪ್ಪ ಪೆನ್ನು ಕೆಳಗಿಟ್ಟು, "ದನ ಕಟ್ಟಿ ಆಗಿತ್ತಾ?" ಎಂದು ಕೇಳಿದರು. ಆಗಿತ್ತು. "ದೀಪ ಹಚ್ಚಿದ್ದಿರಾ?" ಇಲ್ಲ. "ಕೊನೆಯ ಬಸ್ಸು ಹೋದದ್ದು ಕೇಳಿದಿರಾ?" ಅಜ್ಜಿ ಸ್ವಲ್ಪ ಯೋಚಿಸಿ, ಬಸ್ಸಿನ ಹಾರನ್ ಕೇಳಿದ್ದು ಅಡಿಕೆ ಇಲ್ಲವೆಂದು ಗೊತ್ತಾಗಿ ಬೊಬ್ಬೆ ಹಾಕುವಾಗ ಎಂದರು. ಆ ಬಸ್ಸು ಎಷ್ಟು ಗಂಟೆಗೆ ಹೋಗುತ್ತದೆಂದು ಊರಿಗೆಲ್ಲ ಗೊತ್ತು. ಹೊತ್ತು ಸಿಕ್ಕಿತು, ಬರೆದರು. ಆ ಅಜ್ಜಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದು ಗೊತ್ತಿದ್ದವರು ಮಾತ್ರ ಕೇಳಬಲ್ಲ ಪ್ರಶ್ನೆಗಳವು.

ಓದಿ ಹೇಳುವುದು ಅಪ್ಪನ ಔದಾರ್ಯವೇನೂ ಆಗಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 154ನೇ ಸೆಕ್ಷನ್ನಿನಲ್ಲೂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನಲ್ಲೂ ಕ್ರಮ ಒಂದೇ. ಬಾಯಿಮಾತಿನಲ್ಲಿ ಬಂದ ದೂರನ್ನು ಬರೆದುಕೊಳ್ಳಬೇಕು, ಕೊಟ್ಟವರಿಗೆ ಓದಿ ಹೇಳಬೇಕು, ಸಹಿ ಹಾಕಿಸಬೇಕು, ಒಂದು ಪ್ರತಿಯನ್ನು ದುಡ್ಡು ತಗೊಳ್ಳದೆ ಕೊಡಬೇಕು. ಯಾವ ಭಾಷೆಯಲ್ಲಿ ಓದಿ ಹೇಳಬೇಕೆಂದು ಅಲ್ಲಿ ಬರೆದಿಲ್ಲ. ಕೇಳುವವರಿಗೆ ತಿಳಿಯದ ಭಾಷೆಯಲ್ಲಿ ಓದಿದರೆ ಅದು ಬರೀ ಸದ್ದು ಎಂಬುದನ್ನು ಕಾನೂನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಆದರೆ ನಮ್ಮ ಕಡೆಯ ಠಾಣೆಗಳಲ್ಲಿ ಬಿಡಿಸಿ ಹೇಳಬೇಕಾದ ಸ್ಥಿತಿ ಬಂದಿದೆ.

ಏಕೆ ಬರೆಯುತ್ತಿದ್ದೇನೆಂದರೆ, ಅಪ್ಪ ಹೋದ ಮೇಲೂ ಜನ ಮನೆಗೆ ಬರುವುದು ನಿಂತಿಲ್ಲ. ನಿವೃತ್ತಿಯಾದದ್ದೇ ತಡ, ನಮ್ಮ ಜಗಲಿ ಅರ್ಧ ಠಾಣೆಯಾಗಿತ್ತು. ಆಗ ಕೇರಳದಲ್ಲಿ 55ಕ್ಕೇ ನಿವೃತ್ತಿ, ಮೈಯಲ್ಲಿ ಕಸುವಿತ್ತು. ಸಮನ್ಸು, ನೋಟೀಸು, ವಿಲೇಜ್ ಆಫೀಸಿನ ಕಾಗದ, ಪಂಚಾಯತಿನ ಕಾಗದ, ಮಲಯಾಳದಲ್ಲಿ ಬಂದದ್ದೆಲ್ಲ ಹಿಡಿದುಕೊಂಡು ಬರುವರು. ಅಪ್ಪ ಕನ್ನಡಕ ಹಾಕಿ, ಮೊದಲು ತಾವೊಮ್ಮೆ ಮನಸ್ಸಿನಲ್ಲೇ ಓದಿ, ಆಮೇಲೆ ಹೇಳುವರು. ಬಂದವರಿಗೆ ಬೆಲ್ಲ ನೀರು. ಪ್ರತಿಫಲವೆಂದು ಯಾರಾದರೂ ಬೊಂಡದ ಗೊನೆ ಇಟ್ಟುಹೋದರೆ ಬೈಗಳು. 2008ರಲ್ಲಿ ಜನಮೈತ್ರಿ ಯೋಜನೆ ಬಂದು ಬೀಟ್ ಪೊಲೀಸರು ಮನೆಮನೆಗೆ ಹೋಗಬೇಕೆಂದಾದಾಗ ಪತ್ರಿಕೆ ಓದಿ ನಕ್ಕಿದ್ದರು: "ನಾವು ಹೋಗುತ್ತಿದ್ದದ್ದು ಸೈಕಲ್ಲಿನಲ್ಲಿ, ಇವರಿಗೆ ಬೈಕು ಉಂಟು, ಅಷ್ಟೇ." ನಕ್ಕರೂ ಅವರಿಗೆ ಆ ಯೋಜನೆ ಇಷ್ಟವಾಗಿತ್ತು.

ಈ ಸಲ ಬಂದವರು ನಮ್ಮ ಆಚೆ ಗುಡ್ಡೆಯ ಒಬ್ಬ ಅಕ್ಕ. ಅವರ ಹೆಸರನ್ನಾಗಲಿ ಠಾಣೆಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅವರ ತೋಟಕ್ಕೆ ನೀರು ಸುರಂಗದಿಂದ. ಗುಡ್ಡೆಯ ಬದಿಗೆ ಕೊರೆದ ಸುರಂಗದ ನೀರು ಎಂದರೆ ನಮ್ಮ ಕಡೆ ಎಷ್ಟು ಜಗಳಕ್ಕೆ ಮೂಲವೆಂದು ನಿಮ್ಮ ಕಡತಗಳೇ ಹೇಳಿಯಾವು. ನೆರೆಯವನು ಪೈಪು ಕಡಿದು ಹಾಕಿದ್ದ. ಕೇಳಲು ಹೋದಾಗ ಕತ್ತಿಯ ಹಿಂಬದಿಯಿಂದ ಇವರ ಮುಂಗೈಗೆ ಹೊಡೆದ. ನೀಲಿಗಟ್ಟಿದ್ದನ್ನು ನಾನೇ ನೋಡಿದ್ದೇನೆ. ಠಾಣೆಗೆ ಹೋದರು. ಅಲ್ಲಿದ್ದವರು ತೆಂಕಣದ ಯಾವುದೋ ಜಿಲ್ಲೆಯ ಹುಡುಗ, ಕುರ್ಚಿ ಕೊಟ್ಟು ಕೂರಿಸಿ ಮರ್ಯಾದೆಯಿಂದಲೇ ಮಾತಾಡಿಸಿದರಂತೆ. ಭಾಷೆ ತಿಳಿಯದ್ದರಿಂದ ಹೊರಗೆ ಪಾಸ್‌ಪೋರ್ಟ್ ವಿಚಾರಕ್ಕೆ ಕಾಯುತ್ತಿದ್ದ ಯಾರನ್ನೋ ಕರೆದು ಮಧ್ಯೆ ನಿಲ್ಲಿಸಿದರು. ಅವರಿಗೂ ಅವಸರವಿತ್ತು. ಅಕ್ಕ ಹೇಳಿದರು, ಅವರು ಹೇಳಿದರು, ಇವರು ಬರೆದರು, ಅಕ್ಕ ಸಹಿ ಹಾಕಿದರು. ಪ್ರತಿಯನ್ನೂ ಕೊಟ್ಟಿದ್ದಾರೆ. ಅದನ್ನು ಹಿಡಿದು ನಮ್ಮ ಜಗಲಿಗೆ ಬಂದರು.

ನನಗೆ ಅಪ್ಪನಷ್ಟು ಮಲಯಾಳ ಬಾರದು, ತಡವರಿಸಿ ಓದಿದೆ. ಪೈಪು ಉಂಟು, ಸುರಂಗ ಉಂಟು, ಎರಡು ಮನೆಗಳ ನಡುವೆ ಮೊದಲಿನಿಂದ ತಕರಾರು ಎಂಬುದೂ ಉಂಟು. ಕತ್ತಿಯ ಸುದ್ದಿಯೇ ಇಲ್ಲ. ಎರಡನೇ ಸಲ ಓದಿದೆ, ಆಗಲೂ ಇಲ್ಲ. ಕತ್ತಿ ಇಲ್ಲದಿದ್ದರೆ ಅದು ನೀರಿನ ತಕರಾರು, ಸಿವಿಲ್ ಕೋರ್ಟಿಗೆ ಹೋಗಿ ಎಂದು ಕಳಿಸಬಹುದು. ಹಾಗೆಯೇ ಕಳಿಸಿದ್ದಾರೆ. ಕತ್ತಿ ಇದ್ದರೆ ಎಫ್‌ಐಆರ್ ಆಗಲೇಬೇಕು. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ತಾವೇ ಕೇಸು ದಾಖಲಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯವೆಂದು ಸುಪ್ರೀಂ ಕೋರ್ಟು 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಯಾರೋ ದಾರಿಹೋಕರ ಅವಸರದಲ್ಲಿ ಒಂದು ವಾಕ್ಯ ಬಿಟ್ಟುಹೋಯಿತು, ಕೇಸೇ ಬೇರೆಯಾಯಿತು. ಬರೆದ ಹುಡುಗ ಬೇಕೆಂದೇ ಮಾಡಿದನೆಂದು ನಾನು ಹೇಳುವುದಿಲ್ಲ, ಅಕ್ಕನೂ ಹೇಳುವುದಿಲ್ಲ. ಓದಿ ಹೇಳುವವರು ಒಬ್ಬರಿದ್ದಿದ್ದರೆ "ಕತ್ತಿ ಎಲ್ಲಿ?" ಎಂದು ಅಕ್ಕ ಅಲ್ಲೇ ಕೇಳುತ್ತಿದ್ದರು.

ಮೊದಲ ಹೇಳಿಕೆ ಎಷ್ಟು ಭಾರವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ತನಿಖೆಯ ಸಮಯದಲ್ಲಿ ಸಾಕ್ಷಿಗಳಿಂದ ಪಡೆಯುವ ಹೇಳಿಕೆಗಳಿಗೆ ಸಹಿ ಇರುವುದಿಲ್ಲ, ಈ ಮೊದಲನೆಯದಕ್ಕೆ ಇರುತ್ತದೆ. ವರ್ಷಗಳ ಮೇಲೆ ಆಕೆ ಸಾಕ್ಷಿಕಟ್ಟೆ ಹತ್ತಿ ನಡೆದದ್ದನ್ನು ಸರಿಯಾಗಿ ಹೇಳಿದರೂ, ಎದುರಿನ ವಕೀಲರು ಆ ಸಹಿಯನ್ನು ತೋರಿಸಿ, "ಇದನ್ನು ಠಾಣೆಯಲ್ಲಿ ಹೇಳಿಲ್ಲವಲ್ಲ, ಈಗ ಸೇರಿಸಿದ್ದಲ್ಲವಾ?" ಎನ್ನುತ್ತಾರೆ. ನಿಜ ಹೇಳಿದವಳು ಸುಳ್ಳಿಯಾಗುತ್ತಾಳೆ. ಹೀಗೆ ಬಿದ್ದುಹೋದ ಕೇಸುಗಳನ್ನು ನೋಡಿಯೇ ಅಪ್ಪನಿಗೆ ಆ ಅಭ್ಯಾಸವಾದದ್ದು. ಭಾಷಾಭಿಮಾನದ ಸಭೆಗಳಿಗೆ ಅವರು ಹೋದವರಲ್ಲ, ಬಂದೋಬಸ್ತಿಗೆ ಹೋಗಿರಬಹುದು! "ಇದು ಕನ್ನಡದ ಪ್ರಶ್ನೆ ಅಲ್ಲ, ಕೇಸು ನಿಲ್ಲುವ ಪ್ರಶ್ನೆ" ಎನ್ನುತ್ತಿದ್ದರು. ನನಗೆ ಅದು ಕನ್ನಡದ ಪ್ರಶ್ನೆಯೂ ಹೌದು. ಅಷ್ಟರ ಮಟ್ಟಿಗೆ ಅಪ್ಪನಿಗೂ ನನಗೂ ಭಿನ್ನಾಭಿಪ್ರಾಯ.

ಹೊಸ ಹಕ್ಕು ಯಾವುದನ್ನೂ ಬೇಡುತ್ತಿಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕೇರಳದ ಅಧಿಕೃತ ಭಾಷಾ ಕಾಯ್ದೆಯೂ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎನ್ನುತ್ತದೆ. ಗುಮಾಸ್ತರ ಹುದ್ದೆಗೆ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರನ್ನೇ ಪಿಎಸ್‌ಸಿ (ಕೇರಳ ಲೋಕಸೇವಾ ಆಯೋಗ) ಪ್ರತ್ಯೇಕವಾಗಿ ಆರಿಸುವ ಕ್ರಮವಿದೆ. ಕಂದಾಯದ ಕಾಗದಕ್ಕೆ ಕನ್ನಡ ಬಲ್ಲವರು ಬೇಕೆಂದು ಒಪ್ಪಿದ ಸರಕಾರಕ್ಕೆ, ಪೆಟ್ಟು ತಿಂದು ಬಂದವರ ಮಾತು ಬರೆದುಕೊಳ್ಳಲೂ ಅಂಥವರು ಬೇಕೆಂಬುದು ತಿಳಿಯದ ವಿಷಯವಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ನನ್ನೇ ನೋಡಿ. ಬರೆದ ಭಾಷೆ ಮಗುವಿಗೆ ತಿಳಿಯದಿದ್ದರೆ ಅರ್ಹತೆಯುಳ್ಳ, ಸಂಭಾವನೆ ಪಡೆಯುವ ದುಭಾಷಿಯನ್ನು ಒದಗಿಸಬೇಕೆಂದು ಅಲ್ಲಿ ಸ್ಪಷ್ಟವಾಗಿದೆ. ಪಾಸ್‌ಪೋರ್ಟಿಗೆ ಕಾಯುವವರನ್ನು ಕರೆದು ನಿಲ್ಲಿಸಿ ಎಂದಿಲ್ಲ. ಒಬ್ಬ ಹೆಂಗಸು ತನ್ನ ಮೇಲಾದದ್ದನ್ನು ಅಪರಿಚಿತನೊಬ್ಬನ ಬಾಯಿಂದ ಹೇಳಿಸಬೇಕಾದ ಸಂದರ್ಭವನ್ನು ಒಮ್ಮೆ ಯೋಚಿಸಿ. ಅದೇ ಊರಿನವನಾದರೆ ಇನ್ನೂ ಕಷ್ಟ.

ಹಾಗಾಗಿ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಆದೂರು, ಕಾಸರಗೋಡು, ವಿದ್ಯಾನಗರ, ಈ ಠಾಣೆಗಳಲ್ಲಿ ಹಗಲಿಗೂ ರಾತ್ರಿಗೂ ಕನ್ನಡ ಓದಿ ಬರೆಯಬಲ್ಲ, ತುಳು ತಿಳಿಯುವ ಒಬ್ಬರಾದರೂ ಇರುವ ಹಾಗೆ ಡ್ಯೂಟಿ ಹಾಕಿಸಿ. ಇಡೀ ಜಿಲ್ಲೆಯಲ್ಲಿ ಅಂಥವರು ಎಲ್ಲೆಲ್ಲಿದ್ದಾರೆಂದು ನಿಮ್ಮ ಕಚೇರಿಗೆ ಗೊತ್ತಿರುತ್ತದೆ. ಚಂದ್ರಗಿರಿ ಹೊಳೆಯ ದಕ್ಷಿಣದ ಠಾಣೆಗಳಲ್ಲಿ ಅವರಿಗೆ ಟ್ರಾಫಿಕ್ ಕೆಲಸ ಕೊಟ್ಟು, ಕೊಲ್ಲಂ ಜಿಲ್ಲೆಯಿಂದ ಬಂದವರನ್ನು ಆದೂರಿನಲ್ಲಿ ಕೂರಿಸಿದರೆ ಇಬ್ಬರಿಗೂ ಕಷ್ಟ. ಕಾಸರಗೋಡಿಗೆ ವರ್ಗವೆಂದರೆ ಶಿಕ್ಷೆ ಎಂಬ ಮಾತು ಕೇರಳದಲ್ಲಿ ಹಳೆಯದು. ಆ ಶಿಕ್ಷೆಯ ಪಾಲು ದೂರು ಕೊಡಲು ಬಂದವರಿಗೆ ಬೀಳಬಾರದು. ಇನ್ನೊಂದು, ಹೇಳಿಕೆಯ ಕೊನೆಗೆ ಒಂದು ಸಾಲು ಸೇರಿಸಲು ಆದೇಶ ಮಾಡಿ: ಇದನ್ನು ಯಾರು, ಯಾವ ಭಾಷೆಯಲ್ಲಿ ಓದಿ ಹೇಳಿದರು ಎಂದು. ದುಡ್ಡು ಖರ್ಚಿಲ್ಲದ ಕೆಲಸ, ನಾಳೆ ಕೋರ್ಟಿನಲ್ಲಿ ನಿಮ್ಮ ಸಿಬ್ಬಂದಿಯನ್ನೂ ಕಾಯುತ್ತದೆ.

ತುರ್ತು ಕರೆಯ 112ರ ವಿಷಯ ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆ ಕರೆ ಮೊದಲು ಹೋಗುವುದು ತಿರುವನಂತಪುರಕ್ಕೆ. ಬೆಳ್ಳೂರಿನ ಒಬ್ಬಂಟಿ ಅಜ್ಜಿ ರಾತ್ರಿ ಕರೆ ಮಾಡಿ ತುಳುವಿನಲ್ಲಿ ಅತ್ತರೆ ಅಲ್ಲಿ ಕೂತವರಿಗೆ ಊರಿನ ಹೆಸರಾದರೂ ತಿಳಿಯಬೇಕಲ್ಲ. ಮೇಲಕ್ಕೆ ಬರೆಯುವಾಗ ಇದನ್ನೂ ಬರೆಯಿರಿ.

ನಮ್ಮವರಿಗೂ ಒಂದು ಮಾತು ಹೇಳಬೇಕು, ಬಹಿರಂಗ ಪತ್ರವಾದ್ದರಿಂದ ಅವರೂ ಓದುತ್ತಾರೆ. ಠಾಣೆಯಲ್ಲಿ ಕನ್ನಡದವರಿಲ್ಲವೆಂದು ದೂರುವ ನಾವು ನಮ್ಮ ಮಕ್ಕಳನ್ನು ಮಂಗಳೂರಿಗೆ, ಬೆಂಗಳೂರಿಗೆ ಕಳಿಸಿ ಕೂತಿದ್ದೇವೆ. ಪಿಎಸ್‌ಸಿ ಪರೀಕ್ಷೆಗೆ ಅರ್ಜಿ ಹಾಕು ಎಂದರೆ ಮಲಯಾಳ ಬರುವುದಿಲ್ಲ ಎನ್ನುತ್ತಾರೆ. ಅಪ್ಪನಿಗೂ ಬರುತ್ತಿರಲಿಲ್ಲ. ಊರಿನ ವಾಚನಾಲಯದಲ್ಲಿ ಹುಡುಗರನ್ನು ಕೂರಿಸಿ ಅವರು ಮಲಯಾಳ ಅಕ್ಷರ ಕಲಿಸಲು ನೋಡಿದ್ದರು. ಬಂದ ನಾಲ್ಕು ಮಂದಿಯಲ್ಲಿ ಒಬ್ಬ ಈಗ ನಿಮ್ಮ ಇಲಾಖೆಯಲ್ಲೇ ಇದ್ದಾನೆ. ಬೇರೆ ಜಿಲ್ಲೆಯಲ್ಲಿ!

ಇನ್ನು ಅಕ್ಕನ ವಿಷಯ. ಠಾಣೆಯಲ್ಲಿ ದಾಖಲಾಗದ ದೂರನ್ನು ಬರವಣಿಗೆಯಲ್ಲಿ ಅಂಚೆಯ ಮೂಲಕ ನಿಮಗೆ ಕಳಿಸಲು ಅದೇ 173ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದಿದ್ದೇನೆ, ಎರಡು ಸಲ ಓದಿ ಹೇಳಿದ್ದೇನೆ. ಎರಡನೇ ಸಲ ಅವರು ಒಂದು ತಿದ್ದುಪಡಿ ಹೇಳಿದರು: ಹೊಡೆದದ್ದು ಬಲಗೈಗೆ ಅಲ್ಲ, ಎಡಗೈಗೆ. ತಿದ್ದಿದ್ದೇನೆ. ಕೈಯ ಫೋಟೋ, ಆಸ್ಪತ್ರೆಯ ಚೀಟಿ ಜೊತೆಗಿವೆ. ಅಂಚೆಯಲ್ಲಿ ನಿಮ್ಮ ಕಚೇರಿಗೆ ತಲುಪಿದೆ, ತಲುಪಿದ್ದಕ್ಕೆ ದಾಖಲೆಯೂ ಬಂದಿದೆ. ಹೇಳಿಕೆ ತೆಗೆದುಕೊಳ್ಳಲು ಕರೆಯುವಾಗ ತುಳುವೋ ಕನ್ನಡವೋ ಬಲ್ಲ ಮಹಿಳಾ ಸಿಬ್ಬಂದಿಯಿರುವ ದಿನ ನೋಡಿ ಕರೆಯಿರಿ. ಅಕ್ಕ ಬೆಳಗ್ಗಿನ ಮೊದಲ ಬಸ್ಸಿಗೆ ಬರಬಲ್ಲರು, ಮಧ್ಯಾಹ್ನದ ಮೇಲೆ ದನಗಳಿಗೆ ಹುಲ್ಲಿಗೆ ಹೋಗಬೇಕು.

ಇತಿ,
ನಿವೃತ್ತ ಎಎಸ್‌ಐ ಒಬ್ಬರ ಮಗಳು,
ಬದಿಯಡ್ಕ